ಕೋಟೆಗೆ ಕಣ್ಣು, ಪಾದೆಗೆ ಕೈ: ಕಾಸರಗೋಡಿನಲ್ಲಿ ಎರಡು ದಿನ

‘ಬೇಕಲ ಕೋಟೆ ನೋಡಿಕೊಂಡು ಅಲ್ಲೇ ಹತ್ತಿರ ಎಲ್ಲಾದರೂ ಬಂಡೆ ಹತ್ತಬಹುದೇ?’ ಮಳೆ ಬಿಟ್ಟು ಚಳಿ ಕಾಲಿಟ್ಟಿತೆಂದರೆ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಕೋಟೆಯ ಬುಡದಲ್ಲಿ ಸಮುದ್ರಕ್ಕೆ ಮೈಯೊಡ್ಡಿ ನಿಂತ ಕೆಂಪು ಬಂಡೆಯ ಫೋಟೊ ನೋಡಿದವರು. ಉತ್ತರ ಚಿಕ್ಕದು: ಬಂಡೆ ಹತ್ತಲು ಜಾಗವಿದೆ, ಆದರೆ ಫೋಟೊದಲ್ಲಿ ಕಾಣುವ ಆ ಕೆಂಪು ಬಂಡೆ ಮಾತ್ರ ಬೇಡವೇ ಬೇಡ. ಯಾಕೆ ಬೇಡ, ಯಾವುದು ಆದೀತು, ಅದಕ್ಕೆ ಏನೇನು ಬೇಕು ಎಂಬುದು ಮುಂದಿದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಾದಾಮಿ, ರಾಮನಗರಗಳಂತೆ ಹಗ್ಗ ಹಾಕಿ ಹತ್ತುವುದಕ್ಕೆ ಹೆಸರಾದ ಊರಲ್ಲ ಕಾಸರಗೋಡು. ಇಲ್ಲಿ ನಿಮಗೆ ಸಿಗುವುದು ತೋಟ ಗುಡ್ಡಗಳ ನಡುವಿನ ಕರಿಗಲ್ಲಿನ ಪಾದೆಗಳು, ಅಂದರೆ ಬೋಳು ಬಂಡೆಗಳು. ಆಳೆತ್ತರ, ಹೆಚ್ಚೆಂದರೆ ಒಂದೂವರೆ ಆಳೆತ್ತರಕ್ಕೆ ಹಗ್ಗವಿಲ್ಲದೆ ಹತ್ತಿ ಇಳಿಯುವ ಆಟ ಇಲ್ಲಿ ನಡೆದೀತು. ಇದಕ್ಕೆ ಬೋಲ್ಡರಿಂಗ್ ಎನ್ನುತ್ತಾರೆ. ಹೊಸಬರಿಗೆ ಅಷ್ಟೇ ಬೇಕಾದಷ್ಟಾಯಿತು. ಹಗ್ಗದ ಕೆಲಸಕ್ಕೆ ಕಲಿಸುವವರು ಜೊತೆಗಿರಬೇಕು. ಅದರ ಮಾತು ಏಳನೇ ಹಂತದಲ್ಲಿದೆ.

ಬೇಕಾದದ್ದು ಎರಡು ದಿನ: ಒಂದು ಊರಿಗೆ, ಒಂದು ಪಾದೆಗೆ. ಕೋಟೆ ಸುತ್ತಿ ಬೆವರಿಳಿಸಿಕೊಂಡ ಸಂಜೆಯೇ ಪಾದೆಗೆ ಹೋಗುವ ಯೋಜನೆ ಹಾಕಬೇಡಿ. ದಣಿದ ಕಾಲು ಹೆಜ್ಜೆ ತಪ್ಪುತ್ತದೆ.

1. ತಿಂಗಳು ಆರಿಸಿ

ಡಿಸೆಂಬರ್‌ನಿಂದ ಫೆಬ್ರುವರಿಯ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪಾದೆಯ ಮೇಲೆ ಪಾಚಿ ಕಟ್ಟುತ್ತದೆ. ಮಳೆ ನಿಂತ ಮೇಲೂ ನೆರಳಿನ ಬದಿಯ ಪಾಚಿ ಒಣಗಲು ವಾರಗಟ್ಟಲೆ ಬೇಕು. ಒಣಗಿ ಕಪ್ಪಾದ ಪಾಚಿ ನೋಡಲು ಕಲ್ಲಿನಂತೆಯೇ ಇರುತ್ತದೆ, ಕಾಲಿಟ್ಟರೆ ಪುಡಿಯಾಗಿ ಜಾರುತ್ತದೆ. ಮಾರ್ಚ್ ನಂತರ ಬಿಸಿಲಿಗಿಂತ ಕರಾವಳಿಯ ಸೆಕೆಯದ್ದೇ ತೊಂದರೆ. ಬೆರಳ ತುದಿ ಒಣಗುವುದೇ ಇಲ್ಲ.

ಇದೇ ತಿಂಗಳುಗಳಲ್ಲಿ ಹಳ್ಳಿಗಳಲ್ಲಿ ಕೋಲ, ತೆಯ್ಯಂ ನಡೆಯುತ್ತಿರುತ್ತದೆ. ನೋಡಲು ಕಾಲ ಕೂಡಿಬಂತೆನ್ನಿ. ಆದರೆ ದೈವಸ್ಥಾನದ ಹತ್ತಿರದ ಪಾದೆಗೆ ಆ ದಿನಗಳಲ್ಲಿ ಹೋಗುವ ಹಾಗಿಲ್ಲ.

2. ಬಂದು ಸೇರುವುದು, ಬಸ್ಸು ತಪ್ಪದಿರುವುದು

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ. ಬಸ್ಸು ಬೇಕಾದಷ್ಟಿವೆ. ರೈಲಾದರೆ ಮಂಗಳೂರು ಸೆಂಟ್ರಲ್‌ನಿಂದ ಕಣ್ಣೂರು ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಗಳು ಮಂಜೇಶ್ವರ, ಕುಂಬಳೆ, ಕಾಸರಗೋಡು, ಕೋಟಿಕುಳಂ, ಬೇಕಲ್ ಫೋರ್ಟ್ ಎಂದು ಒಂದೊಂದೇ ನಿಲ್ದಾಣ ಮುಟ್ಟುತ್ತಾ ಹೋಗುತ್ತವೆ. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಬೇಕಲ್ ಫೋರ್ಟ್‌ನಲ್ಲಿ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ.

ಹೊರಗಿನಿಂದ ಬಂದವರು ಎಡವುವುದು ಬಸ್ಸಿನಲ್ಲಿ. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ಒಂದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಚೆರ್ಕಳ, ಪೊಯಿನಾಚಿ, ಪೆರಿಯ ಎಂದು ಒಳಗಿಂದ ಸುತ್ತಿಕೊಂಡು ಹೋಗುತ್ತದೆ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು ಎಂದು ಕಡಲ ಬದಿಯಲ್ಲೇ ಸಾಗುತ್ತದೆ. ಬೇಕಲ ಇರುವುದು ಎರಡನೆಯದರಲ್ಲಿ. ‘ಕಾಞಂಗಾಡ್’ ಎಂಬ ಬೋರ್ಡ್ ಎರಡಕ್ಕೂ ಇರುವುದರಿಂದ ಹತ್ತುವ ಮೊದಲು ಕಂಡಕ್ಟರನನ್ನು ‘ಚಂದ್ರಗಿರಿ ರೂಟಾ?’ ಎಂದು ಕೇಳಿ. ಕೇಳದೆ ಹತ್ತಿದರೆ ಪೆರಿಯದಲ್ಲಿಳಿದು ಆಟೊ ಹುಡುಕುವ ಪಾಡು.

ಭಾಷೆಯ ಅಳುಕು ಬೇಡ. ಊರಿನ ಹೆಸರುಗಳನ್ನು ಕನ್ನಡದಲ್ಲೂ ಬರೆದ ಬೋರ್ಡುಗಳು ಹಲವೆಡೆ ಸಿಗುತ್ತವೆ. ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ ಯಾವುದಾದರೂ ಒಂದು ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳದ ಪಾಲು ಹೆಚ್ಚು, ಅಷ್ಟೆ. ತುಳುನಾಡಿನ ತೆಂಕಣ ಗಡಿ ಈ ಹೊಳೆಯೇ ಎಂಬುದು ಹಿಂದಿನಿಂದ ಬಂದ ಲೆಕ್ಕ.

3. ಮೊದಲ ದಿನದ ಬೆಳಗ್ಗೆ: ತಳಂಗರೆ, ಚಂದ್ರಗಿರಿ

ಪೇಟೆಯಿಂದ ಪಡುವಲಿಗೆ, ಹೊಳೆ ಕಡಲು ಸೇರುವ ಕಡೆಗೆ ತಳಂಗರೆ. ಇಲ್ಲಿನ ಮಾಲಿಕ್ ದೀನಾರ್ ಮಸೀದಿ ಕರಾವಳಿಯ ಅತಿ ಹಳೆಯ ಮಸೀದಿಗಳಲ್ಲಿ ಒಂದೆಂದು ಪರಂಪರೆ ಹೇಳುತ್ತದೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು ಹೋಗಿ. ಮೊಣಕಾಲು ಮುಚ್ಚುವ ಬಟ್ಟೆಯಿರಲಿ, ಎಲ್ಲಿಯವರೆಗೆ ಒಳಗೆ ಹೋಗಬಹುದು, ಫೋಟೊ ತೆಗೆಯಬಹುದೇ ಎಂದು ಅಲ್ಲಿರುವ ಹಿರಿಯರನ್ನು ಕೇಳಿ. ಕೈಯಲ್ಲಿ ಹೊಲಿದ ತಳಂಗರೆ ಟೊಪ್ಪಿ ಹಿಂದೆ ಕಡಲಾಚೆಗೂ ಹೆಸರಾಗಿತ್ತು.

ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿದರೆ ತೆಂಕಣ ದಡದ ದಿಬ್ಬದ ಮೇಲೆ ಚಂದ್ರಗಿರಿ ಕೋಟೆ. 17ನೇ ಶತಮಾನದ ಕೆಳದಿ ನಾಯಕರ ಕಾಲದ್ದು. ಬೇಕಲಕ್ಕೆ ಹೋಲಿಸಿದರೆ ಇದು ಮರಿ. ಜನವೂ ಕಡಿಮೆ. ಬೆಳಗ್ಗೆ ಎಂಟು, ಒಂಬತ್ತಕ್ಕೆ ಹೋದರೆ ಹೊಳೆ, ತೆಂಗಿನ ಸಾಲು, ಅಳಿವೆ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಕೆಲವು ಕಡೆ ಗೋಡೆಯ ಅಂಚಿಗೆ ತಡೆಯಿಲ್ಲ, ಮಕ್ಕಳ ಕೈ ಹಿಡಿದಿರಿ.

ಸಮಯ ಮಿಕ್ಕರೆ ಮಧೂರಿಗೆ ಹೋಗಿ, ಕಾಸರಗೋಡು ಪೇಟೆಯಿಂದ ಸುಮಾರು 8 ಕಿ.ಮೀ. ಮಧುವಾಹಿನಿ ಹೊಳೆಯ ಬದಿಯ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದ ಗಜಪೃಷ್ಠ ಮಾಡು, ಅಂದರೆ ಆನೆಯ ಬೆನ್ನಿನಂತೆ ಹಿಂದಕ್ಕೆ ಬಾಗಿದ ಛಾವಣಿ, ನೋಡಲೇಬೇಕಾದ್ದು. ಗಂಡಸರು ಅಂಗಿ ಬಿಚ್ಚಿ ಒಳಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಮಧೂರು ಬೇಕೆಂದರೆ ಬೆಳಗ್ಗೆಯೇ ಮುಗಿಸಿ. ಎಲ್ಲವನ್ನೂ ಒಂದೇ ದಿನ ತುರುಕುವುದಾದರೆ ಬೇಕಲಕ್ಕೆ ಉಳಿಯುವುದು ಒಂದು ಗಂಟೆ. ಅದು ಸಾಲದು.

4. ಮಧ್ಯಾಹ್ನ: ಬೇಕಲ ಕೋಟೆಯನ್ನು ಓದುವುದು

ಹೆಚ್ಚಿನವರು ಬೇಕಲಕ್ಕೆ ಬಂದು, ಬುರುಜಿನ ಮೇಲೆ ನಿಂತು ಫೋಟೊ ತೆಗೆಸಿ ಮುಕ್ಕಾಲು ಗಂಟೆಯಲ್ಲಿ ಹೊರಡುತ್ತಾರೆ. ಸುಮಾರು 40 ಎಕರೆಯ, ಕೇರಳದಲ್ಲೇ ಅತಿ ದೊಡ್ಡದೆನಿಸಿಕೊಂಡ ಕೋಟೆಗೆ ಎರಡೂವರೆ ಗಂಟೆಯಾದರೂ ಕೊಡಿ. ಮೂರು ಗಂಟೆಯ ಹೊತ್ತಿಗೆ ಒಳಹೊಕ್ಕರೆ ಸರಿ. ಟಿಕೆಟ್ ಉಂಟು. 15 ವರ್ಷದೊಳಗಿನ ಮಕ್ಕಳಿಗೆ ಬೇಡ. ಸೂರ್ಯಾಸ್ತವನ್ನು ಕೋಟೆಯ ಮೇಲಿಂದಲೇ ನೋಡುತ್ತೇವೆ ಎಂದುಕೊಂಡವರನ್ನು ಕಾವಲುಗಾರರು ಸೀಟಿ ಊದಿ ಹೊರಡಿಸುತ್ತಾರೆ. ಸೂರ್ಯಾಸ್ತಕ್ಕೆ ಪಕ್ಕದ ಕಡಲ ತೀರಕ್ಕೆ ಹೋಗಿ.

ಕೋಟೆ ಕಟ್ಟಿದ್ದು 1650ರ ಸುಮಾರಿಗೆ, ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲೆ ಇದೂ ಮೈಸೂರಿನವರ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ಸೈನ್ಯದ ಠಾಣೆಯಾಯಿತು. 1799ರ ನಂತರ ಕಂಪೆನಿ ಸರಕಾರಕ್ಕೆ ಹೋಯಿತು. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, 1956ರ ನವೆಂಬರ್ 1ರಂದು ಕಾಸರಗೋಡಿನ ಜೊತೆ ಕೇರಳಕ್ಕೆ ಸೇರಿತು. ಇಷ್ಟು ತಿಳಿದಿದ್ದರೆ ಒಳಗಿನದೆಲ್ಲ ಅರ್ಥವಾಗುತ್ತದೆ. ಅರಮನೆ ಹುಡುಕಬೇಡಿ, ಇಲ್ಲ. ಇದು ರಾಜರು ವಾಸಿಸಿದ ಕೋಟೆಯಲ್ಲ, ಕಾವಲಿನ ಕೋಟೆ.

ನೋಡುವ ಕ್ರಮ ಹೀಗಿರಲಿ. ಹೆಬ್ಬಾಗಿಲಿನಲ್ಲಿ ಮುಖ್ಯಪ್ರಾಣನ ಗುಡಿ, ಹತ್ತಿರದಲ್ಲೇ ಹಳೆಯ ಮಸೀದಿ. ಒಳಬರುವ ದಾರಿ ನೇರವಾಗಿಲ್ಲ, ಸೊಟ್ಟಸೊಟ್ಟಾಗಿ ತಿರುಗುತ್ತದೆ. ನುಗ್ಗಿ ಬರುವವರ ಓಟ ಮುರಿಯುವ ಉಪಾಯ ಅದು. ನಡುವಿನ ಎತ್ತರದ ವೀಕ್ಷಣಾ ಗೋಪುರಕ್ಕೆ ಏರುವ ಇಳಿಜಾರು ಅಗಲವಾಗಿದೆ, ನಿಧಾನ ಹತ್ತಿ. ಮದ್ದಿನ ಮನೆ, ಮೆಟ್ಟಿಲಿನ ಕೆರೆ ನೋಡಿ ಕಡಲ ಬದಿಯ ಗೋಡೆಗೆ ಬನ್ನಿ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗೋಡೆಯಲ್ಲಿ ಸಾಲಾಗಿ ಕಿಂಡಿಗಳಿವೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿದರೆ ಎಲ್ಲವೂ ಒಂದೇ ಕಡೆ ನೋಡುವುದಿಲ್ಲ ಎಂಬುದು ತಿಳಿಯುತ್ತದೆ. ಮೇಲಿನ ಕಿಂಡಿ ದೂರದ ನೀರನ್ನು ತೋರಿಸುತ್ತದೆ, ಅದರ ಕೆಳಗಿನದು ದಡದ ಹತ್ತಿರವನ್ನು, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡವನ್ನೇ. ದೂರದಲ್ಲಿರುವ ಹಗೆಗೆ ಒಂದು, ಸಮೀಪಿಸಿದವನಿಗೆ ಒಂದು, ಗೋಡೆಗೆ ಬಂದು ಆತುಕೊಂಡವನಿಗೆ ಒಂದು. ಬಂದೂಕಿನ ಓರೆಯನ್ನು ಲೆಕ್ಕ ಹಾಕಿ ಕಲ್ಲು ಕೊರೆದಿದ್ದಾರೆ.

ಈಗ ಅದೇ ಕಿಂಡಿಯ ಅಂಚನ್ನು ನೋಡಿ, ಮುಟ್ಟಬೇಡಿ. ಕಲ್ಲಿನ ಮೈತುಂಬ ಜೇನುಗೂಡಿನಂತೆ ತೂತು. ತೂತಿನೊಳಗೆ ಹಳದಿ ಮಣ್ಣು. ಅಂಚು ದುಂಡಗಾಗಿದೆ, ಬುಡದಲ್ಲಿ ಕೆಂಪು ಹುಡಿ ಬಿದ್ದಿದೆ. ಇದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನಾಳೆಯ ಕೆಲಸದ ಮೊದಲ ಪಾಠ ಈ ಗೋಡೆಯಲ್ಲಿದೆ.

ಬೇಕಲ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆಗೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗೋಡೆ ಹತ್ತುವ ರೀಲ್ಸ್ ಮಾಡುವವರಿಗೆ ಇದು ತಿಳಿದಿರಲಿ. ಕೋಟೆಯ ಬುಡದ ಬಂಡೆಗಳಿಗೂ ಇಳಿಯಬೇಡಿ. ಅಲೆ ಬಡಿಯುವ ಕಲ್ಲಿನ ಮೇಲೆ ಎಣ್ಣೆ ಹಚ್ಚಿದಂಥ ಪಾಚಿ ಇರುತ್ತದೆ, ಅಲೆ ಹಿಂದೆ ಸರಿಯುವಾಗ ಕಾಲನ್ನೂ ಎಳೆದುಕೊಂಡು ಹೋಗುತ್ತದೆ.

5. ಕಲ್ಲು ಗುರುತಿಸಿ: ಮುರ ಯಾವುದು, ಪಾದೆ ಯಾವುದು

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಕಾಸರಗೋಡಿನ ಕರಾವಳಿ ಮತ್ತು ಪದವು, ಅಂದರೆ ಮೇಲೆ ಚಪ್ಪಟೆಯಾದ ಬೋಳು ಗುಡ್ಡ, ಹೆಚ್ಚಿನಂಶ ಮುರಕಲ್ಲಿನದು. ನೆಲದಡಿಯಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ಇದರ ಗುಣ. ಅದಕ್ಕೇ ಮನೆ ಕಟ್ಟಲು ಹೇಳಿಮಾಡಿಸಿದ್ದು, ಹತ್ತಲು ಕೆಟ್ಟದ್ದು. ಗಟ್ಟಿಯಾಗಿರುವುದು ಮೇಲಿನ ಹೊದಿಕೆ ಮಾತ್ರ. ಒಳಗೆ ತೂತು, ತೂತಿನಲ್ಲಿ ಮಣ್ಣು, ಅದರಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ನೀರು ಇದರೊಳಗೇ ಇಳಿದು ಹರಿಯುತ್ತದೆ. ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತಂದದ್ದು ಈ ಗುಣ ತಿಳಿದೇ. ಅಡ್ಡ ಬಾವಿಯಂಥ ಆ ಸುರಂಗಗಳು ಪೂರ್ವದ ತೋಟಗಳಲ್ಲಿ ಇಂದಿಗೂ ಇವೆ. ತೋರಿಸಿದರೆ ಬಾಯಿಯಿಂದಲೇ ನೋಡಿ, ಒಳಹೋಗಬೇಡಿ. ಒಳಗೆ ಉಸಿರಾಡುವ ಗಾಳಿ ಕಡಿಮೆಯಿರಬಹುದು, ಮೇಲಿನಿಂದ ಮಣ್ಣು ಜರಿಯಬಹುದು.

ಮುರಕಲ್ಲಿನ ಹಿಡಿತ ಮುರಿಯುವ ಮೊದಲು ಸೂಚನೆ ಕೊಡುವುದಿಲ್ಲ. ಇಡಿಯ ಉಂಡೆಯೇ ಕೈಗೆ ಬರುತ್ತದೆ. ಆದ್ದರಿಂದ ರಸ್ತೆ ಬದಿಯ ಬರೆ, ಹಳೆಯ ಕಲ್ಲಿನ ಕೋರೆ, ಕಡಲ ಬದಿಯ ಕೆಂಪು ದರೆ, ಯಾವುದನ್ನೂ ಹತ್ತಬೇಡಿ. ನೀರು ತುಂಬಿದ ಕೋರೆಗಳ ಹತ್ತಿರವೂ ಹೋಗಬೇಡಿ. ನೇರಕ್ಕೆ ಕಡಿದ ಗೋಡೆಯಾದ್ದರಿಂದ ಬಿದ್ದವರಿಗೆ ಹತ್ತಿ ಬರಲು ಹಿಡಿಯೇ ಸಿಗುವುದಿಲ್ಲ.

ಪಾದೆಯೇ ಬೇರೆ. ಪೂರ್ವಕ್ಕೆ, ಗುಡ್ಡಗಳು ಎತ್ತರವಾಗುತ್ತ ಹೋದಂತೆ ಮುರದ ಹೊದಿಕೆ ಸರಿದು ಕರಿಗಲ್ಲು ಹೊರಬೀಳುತ್ತದೆ. ನೈಸ್, ಚಾರ್ನಕೈಟ್ ಎಂದು ಭೂವಿಜ್ಞಾನದವರು ಕರೆಯುವ ಕಲ್ಲುಗಳು. (ಕಲ್ಕತ್ತದ ಜಾಬ್ ಚಾರ್ನಕ್ ಎಂಬಾತನ ಗೋರಿಯ ಕಲ್ಲು ಇದೇ ಜಾತಿಯದಾದ್ದರಿಂದ ಆ ಹೆಸರು ಬಂತು.) ಗಟ್ಟಿ, ಒರಟು, ಕಾಲು ಕಚ್ಚುತ್ತದೆ.

ಸಂದೇಹ ಬಂದರೆ ಮೂರು ಪರೀಕ್ಷೆ:

ನೀರು ಹಾಕಿ. ಮುರ ಕುಡಿಯುತ್ತದೆ, ಕಲೆ ಅಗಲವಾಗುತ್ತದೆ. ಪಾದೆಯ ಮೇಲೆ ನೀರು ಹರಿದು ಕೆಳಗಿಳಿಯುತ್ತದೆ.

ಬಿದ್ದಿರುವ ತುಂಡೊಂದನ್ನು ಬೀಗದ ಕೈಯಿಂದ ಗೀರಿ. ಕೆಂಪು ಅಥವಾ ಹಳದಿ ಹುಡಿ ಉದುರಿದರೆ ಮುರ. ಕರಿಗಲ್ಲಿನ ಮೇಲೆ ಬೀಗದ ಕೈಯೇ ಬಿಳಿ ಗೆರೆ ಬಿಟ್ಟುಹೋಗುತ್ತದೆ. ಈ ಪರೀಕ್ಷೆ ಕೋಟೆಯ ಗೋಡೆಯ ಮೇಲೆ ಅಲ್ಲ!

ಮೂರನೆಯದು ಕಿವಿಗೆ. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಹಾಗೆ ಅಂಗೈಯ ಬುಡದಿಂದ ಹಿಡಿತವನ್ನು ತಟ್ಟಿ. ಗಟ್ಟಿ ಕಲ್ಲು ಮಾತಾಡುವುದಿಲ್ಲ, ಕೈಗೇ ನೋವಾಗುತ್ತದೆ. ‘ಡಬ್’ ಎಂದು ಪೊಳ್ಳು ಸದ್ದು ಬಂದರೆ ಪಾದೆಯ ಮೇಲಿನ ಪದರ ಸಿಪ್ಪೆಯಂತೆ ಎದ್ದಿದೆ. ಕರಿಗಲ್ಲಿನಲ್ಲೂ ಹೀಗಾಗುತ್ತದೆ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಪದರ ಬಿಡುತ್ತದೆ. ಅಂಥದ್ದನ್ನು ಹೊರಕ್ಕೆ ಎಳೆಯಬಾರದು.

6. ಜಾಗ ಕೇಳಿ

ಖಾಲಿ ಗುಡ್ಡವೆಂದು ಕಂಡದ್ದೂ ಯಾರದೋ ವರ್ಗ ಜಾಗವಾಗಿರುತ್ತದೆ, ಇಲ್ಲವೆ ಅರಣ್ಯ ಇಲಾಖೆಯದು. ಪಾದೆಗಳ ಬುಡದಲ್ಲಿ ನಾಗಬನ, ದೈವದ ಕಟ್ಟೆ, ಕಾವು ಎಂಬ ದೇವರ ಕಾಡು ಇರುವುದು ಇಲ್ಲಿ ಸಾಮಾನ್ಯ. ಕಲ್ಲಿನ ಮೇಲೆ ಅರಶಿನ, ಹೂವು, ಎಣ್ಣೆಯ ಕಲೆ ಕಂಡರೆ ಅಲ್ಲಿ ಹತ್ತುವ ಮಾತೇ ಇಲ್ಲ. ಏನೂ ಕಾಣದಿದ್ದರೂ ಹತ್ತಿರದ ಮನೆಗೆ ಹೋಗಿ ಕೇಳಿ. ‘ಅಣ್ಣ, ಈ ಪಾದೆ ಯಾರ ಜಾಗದಲ್ಲಿ ಉಂಟು? ಹತ್ತುವುದಕ್ಕೆ ತೊಂದರೆ ಉಂಟಾ?’ ಎಂದರೆ ಸಾಕು. ಹೆಚ್ಚಿನವರು ಬೇಡವೆನ್ನುವುದಿಲ್ಲ, ಹಾವಿನ ಬಿಲ ಎಲ್ಲಿದೆ, ಹೆಜ್ಜೇನು ಎಲ್ಲಿ ಕಟ್ಟಿದೆ ಎಂಬುದನ್ನೂ ಹೇಳಿ ಕಳಿಸುತ್ತಾರೆ. ಬೇಡವೆಂದರೆ ಕಾರಣ ಕೇಳದೆ ಹೊರಡಿ.

ಓದುಗರು ಕೇಳುವ ಮೂರು ಜಾಗಗಳ ಬಗ್ಗೆ: ಪೊಸಡಿಗುಂಪೆ ನಡೆದು ಹತ್ತಿ ನೋಟ ಸವಿಯುವ ಗುಡ್ಡ, ಕೈಯಿಂದ ಹತ್ತುವುದಕ್ಕೆ ಅಲ್ಲಿ ಏನಿಲ್ಲ. ರಾಣಿಪುರ ಸಮುದ್ರಮಟ್ಟದಿಂದ ಸುಮಾರು 750 ಮೀ. ಎತ್ತರದ ಕಾಡು ಹುಲ್ಲುಗಾವಲು, ಅರಣ್ಯ ಇಲಾಖೆಯ ಟಿಕೆಟ್ ಪಡೆದು ಹೋಗುವ ಚಾರಣ, ದಾರಿ ಬಿಟ್ಟು ಬಂಡೆ ಹುಡುಕಲು ಬಿಡುವುದಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲು, ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಜಮಾಲಾಬಾದ್, ಭವ್ಯ ಕರಿಗಲ್ಲೇ ಹೌದು. ಆದರೆ ಅದೂ ಅರಣ್ಯ ಇಲಾಖೆಯ ಹಿಡಿತದಲ್ಲಿದೆ. ನಿಮಗೆ ತೆರೆದಿರುವುದು ಅದರ ಮೆಟ್ಟಿಲು ದಾರಿ. 1,876 ಮೆಟ್ಟಿಲು ಏರಿ ಇಳಿದರೆ ಕಾಲಿಗೆ ಅದೇ ಕಸರತ್ತು.

7. ಸಾಮಾನು ಕಟ್ಟಿಕೊಳ್ಳಿ

ಹಗ್ಗವಿಲ್ಲದ ಬೋಲ್ಡರಿಂಗಿಗೆ ಬೇಕಾದದ್ದು ಕಡಿಮೆ.

ಕ್ರ್ಯಾಶ್ ಪ್ಯಾಡ್. ಬಿದ್ದರೆ ತಾಳಿಕೊಳ್ಳುವ ದಪ್ಪ ಹಾಸು, ಸುಮಾರು 100 x 130 ಸೆಂ.ಮೀ., ದಪ್ಪ 10 ಸೆಂ.ಮೀ. ಮೂರು ಜನರಿಗೆ ಎರಡು ಪ್ಯಾಡ್ ಇರಲಿ. ಮನೆಯ ಹಾಸಿಗೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಪ್ಯಾಡಿನಲ್ಲಿ ಮೇಲೆ ಬಿರುಸಾದ ಫೋಮ್, ಕೆಳಗೆ ಮೆದುವಾದದ್ದು. ಮೇಲಿನದು ಹಿಮ್ಮಡಿಯ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಕೆಳಗಿನದು ಹೀರುತ್ತದೆ. ಹಾಸಿಗೆ ಇಡೀ ಮೆದುವಾಗಿರುವುದರಿಂದ ಕಾಲು ನೇರ ನೆಲ ಮುಟ್ಟುತ್ತದೆ. ಬೈಹುಲ್ಲಿನ ಕಟ್ಟಂತೂ ಪಾದೆಯ ಮೇಲೆ ಜಾರುತ್ತದೆ.

ಶೂ. ನುಣುಪು ರಬ್ಬರ್ ಅಡಿಯ ಕ್ಲೈಂಬಿಂಗ್ ಶೂ. ಬೆರಳು ತುದಿ ಮುಟ್ಟಬೇಕು, ಮಡಚಿ ನೋಯಬಾರದು. ಓಟದ ಶೂಗಳ ದಪ್ಪ ಅಡಿಯಲ್ಲಿ ಕಲ್ಲಿನ ಅಂಚು ತಿಳಿಯುವುದೇ ಇಲ್ಲ.

ಚಾಕ್. ಬೆವರು ಹೀರುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ. ಮುಖಕ್ಕೆ ಹಚ್ಚುವ ಪೌಡರ್ ಇದಕ್ಕೆ ಪೂರಾ ಉಲ್ಟಾ, ಜಾರಿಸುತ್ತದೆ. ಶಾಲೆಯ ಸೀಮೆಸುಣ್ಣವೂ ಅಲ್ಲ.

ಜೊತೆಗೆ ಮೆದು ಬ್ರಷ್, ಒಣ ಬಟ್ಟೆ, ತಲೆಗೆ ಹೆಲ್ಮೆಟ್, ಒಬ್ಬರಿಗೆ ಮೂರು ಲೀಟರ್ ನೀರು, ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ. ತಿನ್ನಲು ಬಾಳೆಹಣ್ಣು, ಅವಲಕ್ಕಿ. ಬಾಳೆಕಾಯಿ ಚಿಪ್ಸ್ ಮಧ್ಯಾಹ್ನಕ್ಕಿರಲಿ. ಎಣ್ಣೆ ಬೆರಳಿಗೆ ಚಾಕ್ ಹತ್ತುವುದಿಲ್ಲ. ತಲೆಗೆ ತೆಂಗಿನೆಣ್ಣೆ ಹಚ್ಚಿ ಬಂದವರೂ ಸೋಪು ಹಾಕಿ ಕೈ ತೊಳೆದುಕೊಳ್ಳಲೇಬೇಕು.

ಹಗ್ಗ ಬೇಕೆಂದರೆ: ಕಲಿಸುವವರು ಇಲ್ಲದೆ ಬೇಡ. ಪರ್ವತಾರೋಹಣ ಸಂಸ್ಥೆಗಳಲ್ಲಿ ಬೇಸಿಕ್, ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿ, ಕಲಿಸುವ ತರಬೇತಿಯಾದ ‘ಎಂಒಐ’ಯನ್ನೂ ಪಡೆದವರನ್ನು ಹುಡುಕಿ, ಪ್ರಮಾಣಪತ್ರ ಕೇಳಲು ನಾಚಿಕೆ ಬೇಡ. ಅವರು ಹಗ್ಗ ಹೂಡುವಾಗ ನೀವು ನೋಡಬೇಕಾದ್ದು ಇಷ್ಟು. ಹಗ್ಗ ‘ಡೈನಾಮಿಕ್’ ಇರಬೇಕು, ಅಂದರೆ ಬಿದ್ದಾಗ ಹಿಗ್ಗಿ ಪೆಟ್ಟು ಕಡಿಮೆ ಮಾಡುವಂಥದ್ದು, ಸಾಮಾನ್ಯವಾಗಿ 9.5ರಿಂದ 10.5 ಮಿ.ಮೀ. ದಪ್ಪ, ತುದಿಯಲ್ಲಿ ಯುಐಎಎ ಅಥವಾ ಸಿಇ ಎಂಬ ಸುರಕ್ಷತೆಯ ಗುರುತು. ಬಾವಿಯ ಹಗ್ಗ, ಲಾರಿಯ ಹಗ್ಗ ಎಷ್ಟೇ ದಪ್ಪವಿದ್ದರೂ ಬೇಡ. ಹಿಗ್ಗದ ಹಗ್ಗ ಬಿದ್ದವರ ಸೊಂಟಕ್ಕೆ ಪೂರ್ತಿ ಪೆಟ್ಟು ಕೊಡುತ್ತದೆ. ಮೇಲಿನ ಆಧಾರ ಒಂದೇ ಮರಕ್ಕೆ ಅಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡಕ್ಕಾದರೂ ಇರಬೇಕು. ಹಗ್ಗ ಹಾದುಹೋಗುವುದು ತಿರುಪು ಬೀಗದ ಕ್ಯಾರಬಿನರ್, ಅಂದರೆ ಲೋಹದ ಕೊಂಡಿಯ ಮೂಲಕ. ನೈಲಾನ್ ಪಟ್ಟಿಯ ಮೇಲೆ ನೇರವಾಗಿ ನೈಲಾನ್ ಹಗ್ಗ ಓಡಿದರೆ ಉಜ್ಜಿದ ಬಿಸಿಗೆ ಪಟ್ಟಿ ಕರಗಿ ತುಂಡಾಗುತ್ತದೆ. ಸೊಂಟಪಟ್ಟಿ ಸೊಂಟದೆಲುಬಿಗಿಂತ ಮೇಲಕ್ಕೆ ಬಿಗಿಯಾಗಿರಬೇಕು. ಹಗ್ಗದ ಗಂಟು ‘8’ರ ಆಕಾರದ್ದು, ಎರಡೆಳೆಯೂ ಜೊತೆಯಾಗಿ ಓಡಿ 15 ಸೆಂ.ಮೀ.ಗಿಂತ ಉದ್ದದ ಬಾಲ ಬಿಟ್ಟಿರಬೇಕು. ಕೆಳಗೆ ಹಗ್ಗ ಹಿಡಿಯುವವರ ತಡೆಗೈ ಒಂದು ಕ್ಷಣವೂ ಹಗ್ಗ ಬಿಡುವಂತಿಲ್ಲ. ಫೋನ್ ಬಂದರೆ ಬರಲಿ.

8. ಪಾದೆಯ ಮೇಲೆ

ಬೆಳಗ್ಗೆ ಏಳಕ್ಕೆ ಜಾಗದಲ್ಲಿರಿ. ಹತ್ತರ ಹೊತ್ತಿಗೆ ಕರಿಗಲ್ಲು ದೋಸೆ ಕಾವಲಿಯಂತಾಗುತ್ತದೆ.

ಮೊದಲು ಇಳಿಯುವ ದಾರಿ ನೋಡಿ. ಹತ್ತಿ ನಿಂತು ‘ಇಳಿಯುವುದೆಲ್ಲಿ?’ ಎನ್ನುವುದು ಹೊಸಬರ ಖಾಯಂ ತಪ್ಪು. ಹಿಂಬದಿಯಿಂದ ನಡೆದು ಇಳಿಯಬಹುದಾದ ಪಾದೆಯನ್ನೇ ಆರಿಸಿ. ಎತ್ತರ 3 ಮೀ. ಮೀರಬಾರದು. ಬೀಳುವ ಜಾಗದ ಸಣ್ಣ ಕಲ್ಲು, ಬೇರು, ಒಣಸೊಪ್ಪು ಸರಿಸಿ. ಸೊಪ್ಪು ಸರಿಸಲು ಕೋಲು ಬಳಸಿ, ಕೈ ಬೇಡ. ಕೊಳಕುಮಂಡಲ ಹಾವಿಗೆ ಒಣಸೊಪ್ಪೇ ಹಾಸಿಗೆ. ಪ್ಯಾಡುಗಳನ್ನು ಒಂದಕ್ಕೊಂದು ತಾಗಿಸಿಡಿ, ನಡುವಿನ ಸಂದಿಗೆ ಕಾಲು ಬಿದ್ದರೆ ಹರಡು ಉಳುಕುವುದು ಖಂಡಿತ.

ಹತ್ತು ನಿಮಿಷ ಮೈ ಬಿಸಿಮಾಡಿ. ಬೆರಳುಗಳನ್ನು ಮಡಚಿ ಬಿಡಿಸಿ, ಸುಲಭದ ಜಾಗದಲ್ಲಿ ನಾಲ್ಕು ಸಲ ಹತ್ತಿ ಇಳಿಯಿರಿ. ತಣ್ಣಗಿನ ಬೆರಳಿಂದ ಚಿಕ್ಕ ಅಂಚಿಗೆ ಜೋತುಬಿದ್ದರೆ ಬೆರಳ ಬುಡದ ಸ್ನಾಯುಪಟ್ಟಿ ಹರಿಯುತ್ತದೆ. ವಾಸಿಯಾಗಲು ತಿಂಗಳುಗಳು ಬೇಕು.

ಅಡಿಕೆ ಮರ ಹತ್ತುವವರನ್ನು ನೋಡಿದ್ದೀರಲ್ಲ? ಕಾಲಿಗೆ ತಳೆ ಹಾಕಿ, ಭಾರವನ್ನೆಲ್ಲ ಪಾದದ ಮೇಲೆ ಹೊತ್ತು ಮೇಲೇಳುತ್ತಾರೆ, ಕೈ ಮರವನ್ನು ಅಪ್ಪಿರುತ್ತದೆ ಅಷ್ಟೆ. ಪಾದೆಯಲ್ಲೂ ಅದೇ ಲೆಕ್ಕ. ಹೊಸಬರು ಕೈಯಿಂದ ಮೈ ಎಳೆಯುತ್ತಾರೆ, ಎರಡು ಸಲಕ್ಕೆ ಮೊಣಕೈ ಕೆಳಗೆ ಕಲ್ಲಾಗುತ್ತದೆ. ತೋಳು ನೇರವಿರಲಿ, ಹೆಬ್ಬೆರಳ ತುದಿಯಿಂದ ಅಂಚಿನ ಮೇಲೆ ನಿಲ್ಲಿ, ಮೊದಲು ಕಾಲು ಏರಿಸಿ ಆಮೇಲೆ ಕೈ. ಮಲಗಿದಂತಿರುವ ಓರೆ ಪಾದೆಯಲ್ಲಿ ಹೆದರಿ ಕಲ್ಲನ್ನು ಅಪ್ಪಿಕೊಂಡಿರೋ, ಕಾಲು ಜಾರಿತು. ಸೊಂಟ ಹೊರಗೆ, ಹಿಮ್ಮಡಿ ಕೆಳಗೆ. ಆಗ ಭಾರ ನೇರ ರಬ್ಬರಿನ ಮೇಲೆ ಬೀಳುತ್ತದೆ, ಹಿಡಿತ ಹುಟ್ಟುವುದು ಅಲ್ಲಿಂದ. ನೇರ ಗೋಡೆಯಲ್ಲಾದರೆ ತದ್ವಿರುದ್ಧ: ಸೊಂಟ ಕಲ್ಲಿಗೆ ಹತ್ತಿರ. ಪ್ರತಿ ಸಲ ಹತ್ತುವ ಮೊದಲು ಶೂವಿನ ಅಡಿಯನ್ನು ಬಟ್ಟೆಯಿಂದ ಒರೆಸಿ. ಒಂದು ಚಿಟಿಕೆ ಮಣ್ಣು ಸಾಕು ಜಾರಲು.

ಕೆಳಗೆ ಒಬ್ಬರು ಸ್ಪಾಟರ್ ನಿಲ್ಲಬೇಕು. ಬೀಳುವವರನ್ನು ಎತ್ತಿಹಿಡಿಯುವುದು ಅವರ ಕೆಲಸವಲ್ಲ, ಅದು ಆಗುವುದೂ ಇಲ್ಲ. ಸೊಂಟ ಬೆನ್ನಿಗೆ ಕೈಕೊಟ್ಟು ಪ್ಯಾಡಿನ ನಡುವಿಗೆ ದೂಡುವುದು, ತಲೆ ಹೊರಗೆ ಬೀಳದಂತೆ ನೋಡುವುದು. ಹೆಬ್ಬೆರಳು ಬಿಡಿಸಿ ಚಾಚಿದ್ದರೆ ಮುರಿಯುತ್ತದೆ, ನಾಲ್ಕು ಬೆರಳಿಗೆ ಒತ್ತಿಟ್ಟುಕೊಳ್ಳಿ. ಬೀಳುವವರು ಎರಡೂ ಕಾಲ ಮೇಲೆ ಬಿದ್ದು, ಮಂಡಿ ಮಡಚಿ, ಹಿಂದಕ್ಕೆ ಉರುಳಬೇಕು. ಕೈ ಹಿಂದೆ ಊರಬಾರದು. ಮುರಿಯುವುದು ಹೆಚ್ಚಾಗಿ ಮಣಿಕಟ್ಟು.

ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ಮೂರು ನಿಮಿಷ ಬಿಡುವು. ಮೊದಲ ದಿನಕ್ಕೆ ಹನ್ನೆರಡು ಪ್ರಯತ್ನ ಸಾಕು. ಬೆರಳ ತುದಿ ಕೆಂಪಾಗಿ ಹೊಳೆಯತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸಲ ಹತ್ತಿದರೆ ಚರ್ಮ ಕಿತ್ತುಬರುತ್ತದೆ.

9. ಜೇನು, ಹಾವು, ಆಸ್ಪತ್ರೆ

ಬಂಡೆಯ ಚಾಚಿನಡಿ ಕಪ್ಪು ಹಲಗೆಯಂತೆ ತೂಗುವುದು ಹೆಜ್ಜೇನು. ಕಂಡರೆ ಆ ಪಾದೆಯನ್ನೇ ಬಿಡಿ. ಸೆಂಟ್ ಹಚ್ಚಬೇಡಿ, ಬೀಡಿ ಸಿಗರೇಟು ಹೊತ್ತಿಸಬೇಡಿ, ಕೂಗಾಡಬೇಡಿ. ಎದ್ದರೆ ಸಾಮಾನು ಬಿಟ್ಟು, ಮುಖ ಮುಚ್ಚಿಕೊಂಡು ಓಡಿ. ಬಡಿಯುತ್ತ ನಿಂತರೆ ಇನ್ನಷ್ಟು ಕುಟುಕುತ್ತವೆ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ. ವಿಷಕ್ಕೆ ಮದ್ದು ಎಲ್ಲಿ ಸಿಗುತ್ತದೆಂದು ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಆಂಬುಲೆನ್ಸಿಗೆ 108, ತುರ್ತಿಗೆ 112. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಹತ್ತುವ ಮೊದಲೇ ನೋಡಿಡಿ, ಮನೆಯಲ್ಲಿ ಒಬ್ಬರಿಗೆ ಜಾಗದ ಹೆಸರು ಹೇಳಿ ಬನ್ನಿ.

10. ಮುಗಿದ ಮೇಲೆ

ಕಲ್ಲಿನ ಮೇಲಿನ ಚಾಕ್ ಕಲೆಗಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತಂತಿಯ ಬ್ರಷ್ ಬೇಡ, ಕಲ್ಲಿನ ಮೈ ನುಣುಪಾಗುತ್ತದೆ. ಜಾಗ ಕೊಟ್ಟ ಮನೆಯವರಿಗೆ ಹೇಳಿ ಹೊರಡಿ. ಬೊಂಡ (ಎಳನೀರು) ಕುಡಿದು ಹೋಗಿ ಎಂದರೆ ಬೇಡವೆನ್ನಬೇಡಿ.

ಹಗ್ಗ ತಂದವರಿಗೆ ಎರಡು ಮಾತು. ಒದ್ದೆಯಾದ ಹಗ್ಗವನ್ನು ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹರವಬೇಡಿ. ಬಿಸಿಲು ನೈಲಾನಿನ ಕಸುವು ತೆಗೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನೆರಳಿನಲ್ಲಿ ಗಾಳಿಗೆ ಒಣಗಿಸಿ ಚೀಲದಲ್ಲಿಡಿ. ರಬ್ಬರ್ ತೋಟದವರ ಮನೆಯಾದರೆ ಇನ್ನೂ ಒಂದು ಎಚ್ಚರ ಬೇಕು: ಶೀಟ್ ಮಾಡಲು ಬಳಸುವ ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸುತ್ತದೆ. ಆಸಿಡ್ ಕ್ಯಾನ್ ಇಡುವ ಶೆಡ್ಡಿನಲ್ಲಾಗಲಿ, ಅದನ್ನು ಸಾಗಿಸಿದ ಜೀಪಿನ ಹಿಂಭಾಗದಲ್ಲಾಗಲಿ ಹಗ್ಗ ಇಡಬೇಡಿ. ಆಸಿಡ್ ತಾಗಿದ ಅನುಮಾನ ಬಂದರೂ ಆ ಹಗ್ಗವನ್ನು ತುಂಡು ಮಾಡಿ ದನ ಕಟ್ಟಲು ಬಳಸಿ. ತುಂಡು ಮಾಡದೆ ಇಟ್ಟರೆ ಮುಂದಿನ ಚಳಿಗಾಲಕ್ಕೆ ಯಾರಾದರೂ ಅದನ್ನೇ ಹೊತ್ತುಕೊಂಡು ಹೊರಟಾರು.